ಹಸಿರಿಗೆ ಎರಡು ಸಾಕ್ಷಿ

ಮಾಗಡಿ ತಾಲ್ಲೂಕಿನ ಕೆಂಪಾಪುರ ದೊಡ್ಡ ಊರಲ್ಲ. ಅಲ್ಲಿಯ ಹಳೆಯ ಕಲ್ಲುಕಟ್ಟಡವೊಂದು ಕೆಂಪೇಗೌಡರ ಸಮಾಧಿಯೆಂದು 2015ರಲ್ಲಿ ಶಾಸನದ ಆಧಾರದಿಂದ ಗುರುತಿಸಲ್ಪಟ್ಟಾಗ ಅದರ ಹೆಸರು ನಾಡಿಗೆ ಪರಿಚಯವಾಯಿತು. ಅದಕ್ಕೆ ಮುಂಚೆಯೂ ಅನಂತರವೂ ಆ ಸೀಮೆಯ ಬದುಕು ನಡೆದುಬಂದುದು ರಾಗಿ, ಅವರೆ, ಮಾವು, ಹುಣಸೆಗಳ ಲೆಕ್ಕದಲ್ಲಿಯೇ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರನ್ನು ಪಡೆದ ಈ ಪ್ರದೇಶದಲ್ಲಿ ಋತುಗಳ ಬರವನ್ನು ಸಾರುವವು ಮರಗಳು. ಫೆಬ್ರವರಿ ಮುಗಿಯುವ ವೇಳೆಗೆ ಹೊಲದ ಬದುವಿನ ಹೊಂಗೆ ತನ್ನ ಎಲೆಗಳನ್ನೆಲ್ಲ ಉದುರಿಸಿ, ಕೆಲವೇ ದಿನ ಬರಿದಾಗಿ ನಿಂತು, ಯುಗಾದಿಯ ಹೊತ್ತಿಗೆ ಎಣ್ಣೆ ಸವರಿದಂತೆ ಮಿರುಗುವ ಹೊಸ ಚಿಗುರನ್ನು ಹೊದೆಯುತ್ತದೆ. ಅರಳಿಯ ಚಿಗುರಿಗೆ ತಾಮ್ರದ ಬಣ್ಣ. ಮುತ್ತುಗದಲ್ಲಿ ಎಲೆಯೇ ಇಲ್ಲದ ದಿನಗಳಲ್ಲಿ ಹೂ ಕೆಂಡದಂತೆ ಅರಳುತ್ತದೆ. ಚನ್ನಪಟ್ಟಣದ ಬೊಂಬೆಗಾರರಿಗೆ ನಸುಬಿಳುಪಿನ ಮೆದು ಮರವನ್ನು ಕೊಡುವ ಆಲೆ, ಬೇಸಿಗೆಯಲ್ಲಿ ಬಿಳಿಯ ಹೂ ಬಿಟ್ಟು, ಮುಂದೆ ತುದಿ ಕೂಡಿದ ಜೋಡಿ ಕಾಯಿಗಳನ್ನು ಇಳಿಬಿಡುತ್ತದೆ.

ಇವನ್ನೆಲ್ಲ ರೈತನು ಓದುತ್ತಾನೆ, ಆದರೆ ಬರೆದಿಡುವುದಿಲ್ಲ. ಆತನ ಪಂಚಾಂಗದಲ್ಲಿ ಮಳೆಗೆ ನಕ್ಷತ್ರಗಳ ಹೆಸರಿದೆ. ಭರಣಿ, ಕೃತ್ತಿಕೆ, ರೋಹಿಣಿ ಎಂದು ವರ್ಷವನ್ನು 27 ಭಾಗ ಮಾಡಿದರೆ ಒಂದೊಂದು ಭಾಗಕ್ಕೆ ಹದಿಮೂರು ಹದಿನಾಲ್ಕು ದಿನ ಬೀಳುತ್ತದೆ. ಯಾವ ಮಳೆಗೆ ಹೊಲ ಉಳಬೇಕು, ಯಾವ ಮಳೆಗೆ ರಾಗಿ ಬಿತ್ತಬೇಕು, ಅವರೆಯನ್ನು ಯಾವಾಗ ಹಾಕಿದರೆ ಮಾಗಿಯ ಇಬ್ಬನಿಗೆ ಸೊಗಡು ಕೂಡುತ್ತದೆ ಎಂಬ ಜ್ಞಾನವೆಲ್ಲ ಈ ಲೆಕ್ಕದಲ್ಲಿ ಅಡಗಿದೆ. ಗಿಡಮರಗಳ ಚಿಗುರು, ಹೂ, ಕಾಯಿ, ಎಲೆಯುದುರುವಿಕೆಗಳ ಕಾಲವನ್ನು ಅಭ್ಯಸಿಸುವ ವಿಜ್ಞಾನಕ್ಕೆ ಫೀನಾಲಜಿ ಎಂದು ಹೆಸರು; ಕನ್ನಡದಲ್ಲಿ ಋತುಲಕ್ಷಣಶಾಸ್ತ್ರವೆನ್ನಬಹುದು. ಹೆಸರು ಹೊಸದಾದರೂ ವಸ್ತು ಹೊಸದಲ್ಲ.

ಈಗ ಅದೇ ಹೊಲವನ್ನು ನೋಡುವ ಮತ್ತೊಂದು ಕಣ್ಣಿದೆ. ನೆಲದಿಂದ ಏಳೆಂಟು ನೂರು ಕಿಲೋಮೀಟರ್ ಎತ್ತರದಲ್ಲಿ, ಹೆಚ್ಚುಕಡಮೆ ಬೆಳಗಿನ ಹತ್ತೂವರೆಯ ಹೊತ್ತಿಗೆ, ಕೃತಕ ಉಪಗ್ರಹವೊಂದು ಮಾಗಡಿಯ ಮೇಲೆ ಹಾದುಹೋಗುತ್ತದೆ. ಅದು ಹೊಂಗೆಯನ್ನಾಗಲಿ ಮಾವನ್ನಾಗಲಿ ಬಲ್ಲುದಲ್ಲ. ಅದು ಬಲ್ಲುದು ಬೆಳಕನ್ನು ಮಾತ್ರ. ಬಲಿತ ಹಸಿರೆಲೆಯಲ್ಲಿರುವ ಪತ್ರಹರಿತ್ತು ಸೂರ್ಯನ ಕೆಂಪು ಬೆಳಕನ್ನು ಬಹುಪಾಲು ಹೀರಿಕೊಳ್ಳುತ್ತದೆ; ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಎಲೆಯ ಒಳರಚನೆ ಬಹಳಷ್ಟು ಹಿಂದಕ್ಕೆ ಚೆಲ್ಲುತ್ತದೆ. ಬರಿಯ ಮಣ್ಣು ಹೀಗೆ ಮಾಡುವುದಿಲ್ಲ, ಬಂಡೆಯೂ ಮಾಡುವುದಿಲ್ಲ. ಆದ್ದರಿಂದ ಎರಡು ಬೆಳಕುಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಒಂದು ಸಂಖ್ಯೆ ದೊರೆಯುತ್ತದೆ. ದಟ್ಟ ಹಸಿರಿಗೆ ಅದು ಒಂದರ ಸಮೀಪಕ್ಕೆ ಏರುತ್ತದೆ. ಒಣಹೊಲಕ್ಕೆ ಸೊನ್ನೆಯ ಕಡೆಗೆ ಜಾರುತ್ತದೆ. ಸಸ್ಯಸೂಚ್ಯಂಕವೆಂದು ಕರೆಯುವ ಈ ಸಂಖ್ಯೆಯನ್ನು ವರ್ಷವಿಡೀ ಗುರುತಿಸುತ್ತ ಹೋದರೆ ಒಂದು ಗೆರೆ ಏರಿ ಇಳಿಯುತ್ತದೆ. ಅದು ಏರತೊಡಗಿದ ದಿನವನ್ನು ವಿಜ್ಞಾನಿಗಳು ಋತುವಿನ ಆರಂಭವೆನ್ನುತ್ತಾರೆ. ಇಳಿದ ದಿನವನ್ನು ಅಂತ್ಯವೆನ್ನುತ್ತಾರೆ.

ಈ ವಿದ್ಯೆಯಲ್ಲಿ ಭಾರತ ಹಿಂದುಳಿದ ದೇಶವಲ್ಲ. 1970ರಲ್ಲಿಯೇ ಪಿ. ಆರ್. ಪಿಷಾರೋಟಿಯವರು ಹೆಲಿಕಾಪ್ಟರಿನಿಂದ ಅವಕೆಂಪು ಫಿಲ್ಮಿನಲ್ಲಿ ಕೇರಳದ ತೆಂಗಿನ ತೋಟಗಳ ಚಿತ್ರ ತೆಗೆಸಿ, ಬೇರುಸೊರಗು ರೋಗ ತಗುಲಿದ ಮರಗಳನ್ನು ಮೇಲಿನಿಂದ ಗುರುತಿಸಬಹುದೆಂದು ತೋರಿಸಿದರು. 1972ರಲ್ಲಿ ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಮೇಲೇರಿತು. 1988ರ ಮಾರ್ಚಿಯಲ್ಲಿ ಭಾರತದ ಐ.ಆರ್.ಎಸ್.-1ಎ ಹಾರಿತು. ಆ ಕಾಲದ ಚಿತ್ರಗಳಲ್ಲಿ ಅವಕೆಂಪನ್ನು ಕೆಂಪು ಬಣ್ಣದಿಂದ ತೋರಿಸುವ ಪದ್ಧತಿಯಿತ್ತು, ಈಗಲೂ ಇದೆ. ಹಸಿರು ತೋಪುಗಳೆಲ್ಲ ಅಲ್ಲಿ ಕಡುಗೆಂಪಾಗಿ ಕಾಣುತ್ತವೆ. ಕೆಂಪಾಪುರಕ್ಕೆ ಆ ಚಿತ್ರದಲ್ಲಾದರೂ ಹೆಸರು ಅನ್ವರ್ಥವೆಂದು ವಿನೋದವಾಗಿ ಹೇಳಬಹುದು.

ಹೀಗೆ ಒಂದೇ ಹಸಿರಿಗೆ ಎರಡು ಸಾಕ್ಷಿಗಳಾದವು. ಎರಡೂ ಒಂದೇ ಮಾತನ್ನು ಹೇಳುವುದಾದರೆ ಚರ್ಚೆಗೆ ಎಡೆಯಿರಲಿಲ್ಲ. ಆದರೆ ಅವು ಅನೇಕ ವೇಳೆ ಬೇರೆಬೇರೆ ಮಾತನ್ನು ಹೇಳುತ್ತವೆ. ಆಗ ಯಾರ ಮಾತನ್ನು ನಂಬಬೇಕೆಂಬ ಪ್ರಶ್ನೆ ಏಳುತ್ತದೆ.

ಮೊದಲನೆಯ ತೊಡಕು ಅಳತೆಯದು. ವಿಶಾಲ ಪ್ರದೇಶಗಳ ಋತುಚಕ್ರವನ್ನು ಅಭ್ಯಸಿಸಲು ಬಹುಕಾಲ ಬಳಕೆಯಾದ ಮೋಡಿಸ್ ಎಂಬ ಉಪಕರಣದ ಅತಿ ಸಣ್ಣ ಚೌಕ 250 ಮೀಟರ್ ಉದ್ದಗಲದ್ದು. ಎಂದರೆ ಸುಮಾರು ಹದಿನೈದೂವರೆ ಎಕರೆ. ಮಾಗಡಿಯ ಕಡೆ ಹದಿನೈದು ಎಕರೆಯಲ್ಲಿ ಏನೇನಿರುವುದಿಲ್ಲ! ನಾಲ್ಕಾರು ಕುಟುಂಬಗಳ ರಾಗಿಹೊಲ, ಬದುವಿನ ಹೊಂಗೆ, ಒಂದು ತುಂಡು ಮಾವಿನ ತೋಪು, ಕೊಳವೆಬಾವಿಯ ಸುತ್ತಲ ತೆಂಗು, ವರ್ಷವಿಡೀ ಹಸಿರಾಗಿಯೇ ನಿಲ್ಲುವ ನೀಲಗಿರಿ, ನಡುವೆ ಒಂದು ಹಾಸುಬಂಡೆ. ಇವೆಲ್ಲವನ್ನೂ ಬೆರೆಸಿ ಉಪಗ್ರಹವು ಒಂದೇ ಸಂಖ್ಯೆಯನ್ನು ಬರೆಯುತ್ತದೆ. ಹತ್ತು ಮನೆಗಳ ಸಾರನ್ನು ಒಂದೇ ಪಾತ್ರೆಗೆ ಸುರಿದು ರುಚಿ ನೋಡಿದಂತೆ ಇದು. 2015ರಿಂದ ಹಾರುತ್ತಿರುವ ಸೆಂಟಿನೆಲ್-2 ಉಪಗ್ರಹಗಳು ಹತ್ತು ಮೀಟರಿನ ಚೌಕವನ್ನು ಕಾಣಬಲ್ಲವಾದ್ದರಿಂದ ತೊಡಕು ಕಡಮೆಯಾಗಿದೆ. ಒಂದು ದೊಡ್ಡ ಮರದ ನೆತ್ತಿಯಷ್ಟು ಜಾಗ ಅದು. ಆದರೂ ಆ ನೆತ್ತಿ ಹುಣಸೆಯದೋ ಮಾವಿನದೋ ಎಂದು ಹೇಳಲು ನೆಲದಲ್ಲಿ ನಿಂತವನೇ ಬೇಕು.

ಅಳತೆಯ ತೊಡಕಿಗಿಂತ ಅರ್ಥದ ತೊಡಕು ದೊಡ್ಡದು. ಕನಕಪುರ, ರಾಮನಗರಗಳ ಹಿಪ್ಪುನೇರಳೆ ತೋಟವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ನೀರಾವರಿಯುಳ್ಳ ತೋಟದಲ್ಲಿ ರೇಷ್ಮೆಹುಳುವಿನ ಮೇವಿಗಾಗಿ ವರ್ಷಕ್ಕೆ ಐದಾರು ಬಾರಿ ಸೊಪ್ಪು ಕೊಯ್ಯುತ್ತಾರೆ. ಮೇಲಿನಿಂದ ನೋಡುವವನಿಗೆ ಅದು ವರ್ಷಕ್ಕೆ ಐದಾರು ವಸಂತ, ಐದಾರು ಶಿಶಿರ! ಅಲ್ಲಿ ಹಸಿರು ಇಳಿದುದಕ್ಕೆ ಬರವೂ ಕಾರಣವಲ್ಲ, ಋತುವೂ ಕಾರಣವಲ್ಲ. ಮೂರನೆಯ ಜ್ವರ ಕಳೆದು ನಾಲ್ಕನೆಯ ಹಂತಕ್ಕೆ ಬಂದ ಹುಳುವಿನ ಹಸಿವು ಕಾರಣ. ಮಾವಿನ ವಿಷಯವೂ ಹೀಗೆಯೇ. ರಾಜ್ಯದ ಮಾರುಕಟ್ಟೆಗೆ ಮೊದಲು ಇಳಿಯುವ ಮಾವುಗಳಲ್ಲಿ ಈ ಸೀಮೆಯದೂ ಒಂದು. ಅದರ ಹೊಸ ಎಲೆ ಹುಟ್ಟುವಾಗ ಹಸಿರಲ್ಲ, ಕೆಂಗಂದು. ಅದರಲ್ಲಿ ಪತ್ರಹರಿತ್ತು ಇನ್ನೂ ಕೂಡಿರುವುದಿಲ್ಲ. ತೋಟದ ಒಡೆಯನು ಮರ ಚಿಗುರಿತೆಂದು ಹಿಗ್ಗುವ ವಾರದಲ್ಲಿ ಉಪಗ್ರಹದ ಗೆರೆ ಇಳಿಯಬಹುದು. ಹೂ ತುಂಬಿದಾಗಲೂ ಅಷ್ಟೆ: ಎಲೆಯನ್ನು ಮರೆಮಾಡಿದ ಹೂಗೊಂಚಲು ಫಲದ ಮುನ್ಸೂಚನೆಯೆಂದು ಮನುಷ್ಯನಿಗೆ ಗೊತ್ತು, ಯಂತ್ರಕ್ಕೆ ಅದು ಹಸಿರಿನ ನಷ್ಟ.

ಕಾಡಿನಲ್ಲಿ ಇನ್ನೊಂದು ಸೋಜಿಗವಿದೆ. ಮಳೆ ಬಂದ ಮೇಲೆ ಮರ ಚಿಗುರುತ್ತದೆಂದು ಪಟ್ಟಣದವರು ತಿಳಿಯುವುದುಂಟು. ಸಾವನದುರ್ಗದ ಬುಡದಲ್ಲಿ ಬೇಸಿಗೆ ಕಳೆದವರಿಗೆ ಆ ಭ್ರಮೆಯಿರುವುದಿಲ್ಲ. ಎಲೆಯುದುರಿಸುವ ಎಷ್ಟೋ ಮರಗಳು ಬಿಸಿಲು ಬಿರುಸಾಗಿರುವಾಗಲೇ, ಮುಂಗಾರಿಗೆ ವಾರಗಳ ಮುಂಚೆ, ಚಿಗುರಿ ನಿಲ್ಲುತ್ತವೆ. ಇದೇಕೆಂಬುದನ್ನು ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೈ ಕಾಡಿನಲ್ಲಿ ಅಭ್ಯಸಿಸಿದ ಮುರಳಿ ಮತ್ತು ಸುಕುಮಾರ್ 1993ರಲ್ಲಿ ಪ್ರಕಟಿಸಿದ ಫಲಿತಾಂಶ ಬಹು ಸ್ವಾರಸ್ಯವಾದುದು: ಮಳೆಗೆ ಮೊದಲೇ ಚಿಗುರಿದ ಮರಗಳ ಎಲೆಗಳು ಕೀಟಗಳ ಬಾಯಿಗೆ ಸಿಕ್ಕುವುದು ಕಡಮೆ. ಮಳೆಯೊಡನೆ ಹುಳುಗಳು ಏಳುವ ಹೊತ್ತಿಗೆ ಆ ಎಲೆಗಳು ಬಲಿತಿರುತ್ತವೆ. ಇಂಥ ಸೂಕ್ಷ್ಮವನ್ನು ತಿಳಿಯಲು ಎಲೆಯನ್ನು ಕೈಯಲ್ಲಿ ಹಿಡಿದು ಎಷ್ಟು ಭಾಗ ಕೊರೆದುಹೋಗಿದೆಯೆಂದು ನೋಡಬೇಕಾಯಿತು. ಉಪಗ್ರಹಕ್ಕಾದರೋ ವಿರಳ ಕಾಡಿನ ತೆಳು ಚಿಗುರು ಮಣ್ಣು ಬಂಡೆಗಳ ನಡುವೆ ಮಸಕಾಗಿ ಕಾಣುತ್ತದೆ. ಮಳೆ ಬಿದ್ದು ಹುಲ್ಲೂ ಲಂಟಾನವೂ ಎದ್ದಾಗ ಮಾತ್ರ ಗೆರೆ ಜಿಗಿಯುತ್ತದೆ. ಮರದ ಋತು ಒಂದು, ಹುಲ್ಲಿನ ಋತು ಇನ್ನೊಂದು. ಮೇಲಿನ ಕಣ್ಣು ಎರಡನೆಯದನ್ನು ಕಂಡು ಮೊದಲನೆಯದರ ಹೆಸರಿಟ್ಟರೆ ಅದು ಯಂತ್ರದ ದೋಷವಲ್ಲ, ಓದುವವನ ಅವಸರ.

ದೊಡ್ಡ ವಿಜ್ಞಾನಿಗಳೂ ಈ ಅವಸರಕ್ಕೆ ಹೊರತಲ್ಲ. ಅಮೆಜಾನ್ ಕಾಡು ಒಣಗಾಲದಲ್ಲಿ ಹೆಚ್ಚು ಹಸಿರಾಗುತ್ತದೆಂದು ಉಪಗ್ರಹದ ಆಧಾರದಿಂದ 2006ರಲ್ಲಿ ಒಂದು ತಂಡ ಹೇಳಿತು. ಅದು ಸೂರ್ಯ ಮತ್ತು ಉಪಕರಣಗಳ ಕೋನ ಬದಲಾಗುವುದರಿಂದ ಉಂಟಾದ ಭ್ರಾಂತಿಯೆಂದು 2014ರಲ್ಲಿ ಇನ್ನೊಂದು ತಂಡ ವಾದಿಸಿತು. 2016ರಲ್ಲಿ ಕಾಡಿನ ಗೋಪುರಗಳ ಮೇಲೆ ಕ್ಯಾಮೆರಾ ನಿಲ್ಲಿಸಿ ಒಂದೊಂದು ಮರದ ನೆತ್ತಿಯನ್ನು ನೋಡಿದವರು, ಒಣಗಾಲದಲ್ಲಿ ಹಳೆಯ ಎಲೆ ಹೋಗಿ ಎಳೆಯ ಎಲೆ ಬರುವುದೇ ದ್ಯುತಿಸಂಶ್ಲೇಷಣೆಯ ಏರಿಕೆಗೆ ಕಾರಣವೆಂಬುದನ್ನು ತೋರಿಸಿದರು. ಹತ್ತು ವರ್ಷಗಳ ವ್ಯಾಜ್ಯಕ್ಕೆ ಬೆಳಕು ತಂದುದು ಮರದ ಹತ್ತಿರ ಹೋಗಿ ನೋಡಿದ ನೋಟವೇ.

ಇಷ್ಟಾದರೂ ಇದು ವಿದ್ವಾಂಸರ ಚರ್ಚೆಯಾಗಿಯೇ ಉಳಿದಿದ್ದರೆ ಕೆಂಪಾಪುರಕ್ಕೆ ಅದರಿಂದ ಆಗುವ ಲಾಭನಷ್ಟ ಅಲ್ಪವಾಗಿತ್ತು. ಹಾಗೆ ಉಳಿದಿಲ್ಲ. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ, ಮಳೆಯ ಕೊರತೆಯೊಡನೆ ಉಪಗ್ರಹದ ಸಸ್ಯಸೂಚ್ಯಂಕವೂ ಬರವನ್ನು ಅಳೆಯುವ ಮಾನದಂಡಗಳಲ್ಲಿ ಒಂದು. ಆ ಬಳಿಕ ತಾಲ್ಲೂಕಿನ ನೂರಕ್ಕೆ ಹತ್ತು ಹಳ್ಳಿಗಳಲ್ಲಿ ಬೆಳೆಯನ್ನು ಪ್ರತ್ಯಕ್ಷ ನೋಡಬೇಕೆಂದೂ ಅದು ವಿಧಿಸಿದೆ. ಎಂದರೆ ಹೊಲದ ಹಸಿರು ಎಷ್ಟೆಂಬ ಸಂಖ್ಯೆಗೂ ರೈತನ ಕೈಗೆ ಬರುವ ಪರಿಹಾರಕ್ಕೂ ನಂಟು ಬಿದ್ದಿದೆ.

2023ರಲ್ಲಿ ಈ ನಂಟಿನ ಇಕ್ಕಟ್ಟು ಬಯಲಾಯಿತು. ಆ ವರ್ಷದ ಆಗಸ್ಟ್ ತಿಂಗಳು, 1901ರಿಂದ ದಾಖಲೆಯಿರುವ ಆಗಸ್ಟುಗಳಲ್ಲೆಲ್ಲ ದೇಶಕ್ಕೆ ಅತ್ಯಂತ ಒಣ ಆಗಸ್ಟ್ ಆಗಿತ್ತು. ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರವು ರಾಜ್ಯದ 236 ತಾಲ್ಲೂಕುಗಳಲ್ಲಿ 195ನ್ನು ಬರಪೀಡಿತವೆಂದು ಸಾರಿತು. ಮುಂದೆ ಆ ಸಂಖ್ಯೆ 223ಕ್ಕೆ ಏರಿತು. ಅಕ್ಟೋಬರಿನಲ್ಲಿ ಕೇಂದ್ರದ ಅಧ್ಯಯನ ತಂಡ ಬಂದಾಗ ರಾಜ್ಯವು ಹೊಸದೊಂದು ಮಾತನ್ನು ಮನದಟ್ಟು ಮಾಡಿಕೊಡಬೇಕಾಯಿತು. ಆ ಮಾತು ‘ಹಸಿರು ಬರ’. ಹೊಲ ನೋಡಿದರೆ ಹಸಿರು. ತೆನೆ ಹಿಡಿದರೆ ಜೊಳ್ಳು.

ಇದು ಹೇಗೆ ಸಾಧ್ಯವೆಂಬುದನ್ನು ರಾಗಿಯ ಬೆಳವಣಿಗೆ ಬಲ್ಲವರು ಸುಲಭವಾಗಿ ಹೇಳಬಲ್ಲರು. ರಾಗಿ ಗಟ್ಟಿ ಪೈರು. ಮಳೆ ತಪ್ಪಿದಾಗ ಬಾಡಿ, ಉಸಿರು ಹಿಡಿದು ನಿಂತು, ಮತ್ತೆ ಒಂದು ಹದ ಬಿದ್ದೊಡನೆ ತಲೆಯೆತ್ತುತ್ತದೆ. ಹೊಸ ತೆಂಡೆಯನ್ನೂ ಒಡೆಯುತ್ತದೆ. ಹೊಲಕ್ಕೆ ಹಸಿರು ಮರಳುತ್ತದೆ. ಆದರೆ ಮಳೆ ತಪ್ಪಿದುದು ತೆನೆ ಹೊರಡುವ ಹೊತ್ತಿನಲ್ಲಾದರೆ, ಅಥವಾ ಬಿತ್ತನೆಯೇ ತಡವಾಗಿ ಕಾಳು ಕಟ್ಟುವ ದಿನಗಳಿಗೆ ತೇವ ಸಾಲದಾದರೆ, ಮರಳಿದ ಎಲೆಯಿಂದ ದನಕ್ಕೆ ಮೇವಾದೀತು, ಮನೆಗೆ ಹಿಟ್ಟಾಗದು. ಇನ್ನೂ ಒಂದು ಸಂಗತಿಯಿದೆ. ಸರಿಯಾಗಿ ಮಾಗಿದ ರಾಗಿ ಹಸಿರನ್ನು ಬಿಟ್ಟುಕೊಡಬೇಕು. ಕಾರ್ತೀಕದ ಬಿಸಿಲಿಗೆ ತೆನೆ ಕಂದಿ, ದಂಟು ಹಳದಿಯಾಗುವುದೇ ಸುಗ್ಗಿಯ ಗುರುತು. ಆ ವೇಳೆಯಲ್ಲಿ ಎಳಸಾಗಿ ಹಸಿರಾಗಿಯೇ ನಿಂತ ಹೊಲ ಉಪಗ್ರಹದ ಗೆರೆಯಲ್ಲಿ ಮಾಗಿದ ಹೊಲಕ್ಕಿಂತ ಮೇಲಿರುತ್ತದೆ. ರೈತನ ಕಣಜದಲ್ಲಿ ಕೆಳಗಿರುತ್ತದೆ.

ಹೀಗಿರುವಾಗ ಹಸಿರಿದೆಯೇ ಎಂಬ ಪ್ರಶ್ನೆ ಸಾಲದು. ಯಾವ ದಿನದ ಹಸಿರು, ಬೆಳೆಯ ಯಾವ ಹಂತದ ಹಸಿರು ಎಂದು ಕೇಳಬೇಕು. ಆ ಉತ್ತರವನ್ನು ಮೇಲಿನಿಂದ ತರಲಾಗದು. ಬಿತ್ತಿದ ದಿನ, ತೆನೆ ಹೊರಟ ದಿನ, ಕೊಯ್ದ ದಿನ ಈ ಮೂರು ದಿನಾಂಕಗಳು ಹೊಲದ ಕಡೆಯಿಂದ ಬಂದರೆ ಉಪಗ್ರಹದ ಗೆರೆಗೆ ಅರ್ಥ ಬರುತ್ತದೆ. ಬಾರದಿದ್ದರೆ ಅದು ಗೆರೆ ಮಾತ್ರ. ಆದ್ದರಿಂದ ಒಂದು ಹಳ್ಳಿಯ, ಒಂದು ಹೊಲದ ವಿಷಯದಲ್ಲಿ ಎರಡು ಸಾಕ್ಷಿಗಳು ಭಿನ್ನವಾಗಿ ನುಡಿದಾಗ ನೆಲದ ಸಾಕ್ಷಿಗೆ ಪ್ರಾಶಸ್ತ್ಯ ಕೊಡುವುದೇ ನ್ಯಾಯ. ರಾಜ್ಯದ, ದೇಶದ ಚಿತ್ರ ಬೇಕಾದಾಗ ಉಪಗ್ರಹವನ್ನು ಮೀರಿಸುವ ಸಾಕ್ಷಿಯಿಲ್ಲ. ಆದರೆ ಅಲ್ಲಿಯೂ ಎಚ್ಚರ ಬೇಕು. 2000ದಿಂದ 2017ರವರೆಗಿನ ಉಪಗ್ರಹ ದಾಖಲೆಯನ್ನು ಪರಿಶೀಲಿಸಿದ ಅಧ್ಯಯನವೊಂದು, ಭೂಮಿಯ ಹಸಿರು ಹೆಚ್ಚಿದುದರಲ್ಲಿ ಚೀನ ಭಾರತಗಳ ಪಾಲು ದೊಡ್ಡದೆಂದು 2019ರಲ್ಲಿ ಹೇಳಿತು. ಅದನ್ನು ಓದಿ ಕಾಡು ಬೆಳೆಯಿತೆಂದು ಸಂತೋಷಪಟ್ಟವರುಂಟು. ಭಾರತದ ಆ ಹಸಿರಿನಲ್ಲಿ ಶೇಕಡ 82 ಹೊಲಗಳದು, ಕಾಡಿನದು ಶೇಕಡ ಐದಕ್ಕೂ ಕಡಮೆ ಎಂಬ ಮಾತು ಅದೇ ಅಧ್ಯಯನದಲ್ಲಿತ್ತು.

ನೆಲದ ಸಾಕ್ಷಿಯ ಪರವಾಗಿ ಇಷ್ಟು ಹೇಳಿದ ಮೇಲೆ ಅದರ ಕುಂದುಗಳನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಹಿಂದೆ ಹೊಂಗೆ ಯುಗಾದಿಗೆ ಸರಿಯಾಗಿ ಚಿಗುರುತ್ತಿತ್ತು, ಈಗ ಕಾಲ ಕೆಟ್ಟಿದೆ ಎಂಬ ಮಾತನ್ನು ಊರೂರಿನ ಕಟ್ಟೆಯ ಮೇಲೂ ಕೇಳಬಹುದು. ಯುಗಾದಿಯೇ ವರ್ಷದಿಂದ ವರ್ಷಕ್ಕೆ ಹಿಂದುಮುಂದಾಗುವ ಚಾಂದ್ರಮಾನದ ಹಬ್ಬವೆಂಬುದನ್ನು ಆಡುವವರು ಮರೆತಿರುತ್ತಾರೆ. ನೆನಪು ದಾಖಲೆಯಲ್ಲ. ಮೊದಲ ಹೂ ಕಂಡ ದಿನವನ್ನು ಒಬ್ಬನು ಹೂವಿನ ಕಾಲವೆಂದರೆ, ಮರ ತುಂಬಿದ ದಿನವನ್ನು ಇನ್ನೊಬ್ಬನು ಹಾಗೆನ್ನುತ್ತಾನೆ. ಬಚ್ಚಲ ನೀರು ಕುಡಿದ ಹಿತ್ತಲ ಮರ ಊರಿನ ಮರಗಳಿಗೆಲ್ಲ ಪ್ರತಿನಿಧಿಯಾಗದು. ಉಪಗ್ರಹಕ್ಕೆ ಇಂಥ ಮರೆವಾಗಲಿ ಪಕ್ಷಪಾತವಾಗಲಿ ಇಲ್ಲ. ಮೋಡ ಕವಿದಾಗ ಅದು ಕುರುಡಾಗುವುದು ನಿಜ. ಅದಕ್ಕಾಗಿಯೇ ಹದಿನಾರು ದಿನಗಳ ನೋಟಗಳಿಂದ ಒಳ್ಳೆಯದನ್ನು ಆರಿಸಿ ಒಂದು ಚಿತ್ರ ಮಾಡುತ್ತಾರೆ. ರೈತನ ಮಳೆನಕ್ಷತ್ರದ ಅವಧಿಗೂ ಇದಕ್ಕೂ ಹೆಚ್ಚು ಅಂತರವಿಲ್ಲವೆಂಬುದು ಸೋಜಿಗ. ಮೋಡವನ್ನು ಭೇದಿಸಿ ನೋಡುವ ರೇಡಾರ್ ಉಪಗ್ರಹಗಳೂ ಈಗ ಇವೆ. ಭಾರತ ಅಮೆರಿಕಗಳು ಕೂಡಿ ನಿರ್ಮಿಸಿದ ನಿಸಾರ್ 2025ರ ಜುಲೈಯಲ್ಲಿ ಶ್ರೀಹರಿಕೋಟೆಯಿಂದ ಮೇಲೇರಿತು.

ನೆಲದ ನೋಟ ದಾಖಲೆಯಾದಾಗ ಅದರ ಬೆಲೆ ಎಷ್ಟಾಗಬಲ್ಲುದೆಂಬುದಕ್ಕೆ ಜಪಾನಿನ ಕ್ಯೋಟೋ ಸಾಕು. ಅಲ್ಲಿ ಚೆರಿ ಹೂ ಅರಳಿದ ದಿನಗಳ ಉಲ್ಲೇಖ ಒಂಬತ್ತನೆಯ ಶತಮಾನದಿಂದ ದೊರೆಯುತ್ತದೆ. 2021ರ ಮಾರ್ಚಿ 26ರಂದು ಹೂ ತುಂಬಿದಾಗ, ಹನ್ನೆರಡು ನೂರು ವರ್ಷಗಳಲ್ಲಿ ಇಷ್ಟು ಬೇಗ ಅರಳಿರಲಿಲ್ಲವೆಂದು ಹೇಳಲು ಸಾಧ್ಯವಾಯಿತು. ಇಂಗ್ಲೆಂಡಿನ ನಾರ್ಫಕ್‌ನಲ್ಲಿ ರಾಬರ್ಟ್ ಮಾರ್ಷಮ್ ಎಂಬಾತನು 1736ರಲ್ಲಿ ಆರಂಭಿಸಿದ ಟಿಪ್ಪಣಿಯನ್ನು ಆತನ ವಂಶದವರು 1958ರವರೆಗೆ ಮುಂದುವರಿಸಿದರು. ಕರ್ನಾಟಕದಲ್ಲಿಯೂ ಕೆಲಸ ನಡೆಯದೆ ಇಲ್ಲ. ಬಂಡೀಪುರದ ಮರಗಳ ಋತುಲಕ್ಷಣಗಳನ್ನು ಕುರಿತು ನರೇಂದ್ರ ಪ್ರಸಾದ್ ಮತ್ತು ಮಾಲತಿ ಹೆಗಡೆಯವರ ಲೇಖನ 1986ರಲ್ಲಿಯೂ, ಉತ್ತರ ಕನ್ನಡದ ಕಾಡುಗಳನ್ನು ಕುರಿತು ಡಿ. ಎಂ. ಭಟ್ಟರ ಲೇಖನ 1992ರಲ್ಲಿಯೂ ಪ್ರಕಟವಾದವು. ಇವೆಲ್ಲ ಕಾಡಿನವು. ರಾಗಿ, ಅವರೆ, ಹೊಂಗೆ, ಹುಣಸೆಗಳು ಕೂಡಿದ ಬಯಲುನಾಡಿನ ಬದುವಿಗೆ ಇಂಥ ದೀರ್ಘ ದಾಖಲೆಯ ಭಾಗ್ಯ ಬಂದಿಲ್ಲ. 1972ರಿಂದ ಆಕಾಶದಲ್ಲಿ ಅರ್ಧ ಶತಮಾನದ ಚಿತ್ರಗಳು ಕೂಡಿಬಿದ್ದಿವೆ. ಅವಕ್ಕೆ ಹೊಂದಿಸಿ ನೋಡಲು ನೆಲದಲ್ಲಿ ಒಂದು ಹಾಳೆಯಿಲ್ಲ. ಮಳೆಯನ್ನು ಅಳೆಯುವುದರಲ್ಲಿ ಈ ರಾಜ್ಯವು 1988ರಲ್ಲಿಯೇ ಬರ ನಿಗಾ ಘಟಕವನ್ನು ಸ್ಥಾಪಿಸಿ ಇತರರಿಗೆ ಮೇಲ್ಪಂಕ್ತಿಯಾಯಿತು. ಈಗ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳಿವೆ. ಬಿದ್ದ ಮಳೆಯ ಲೆಕ್ಕವಿದ್ದು, ಅದರಿಂದ ಎದ್ದ ಚಿಗುರಿನ ಲೆಕ್ಕವಿಲ್ಲದಿರುವುದು ಅರ್ಧ ಬರೆದ ಕಡತದಂತೆ.

ಇದನ್ನು ತುಂಬುವುದು ದುಬಾರಿಯ ಕೆಲಸವಲ್ಲ. 2020ರ ಮುಂಗಾರಿನಿಂದ ರೈತರು ತಾವೇ ಮೊಬೈಲ್ ಫೋನಿನಲ್ಲಿ ತಮ್ಮ ಹೊಲದ ಚಿತ್ರ ತೆಗೆದು ಬೆಳೆ ಸಮೀಕ್ಷೆಗೆ ಸೇರಿಸುತ್ತಿದ್ದಾರೆ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂಬುದಕ್ಕೆ ಅದು ಉತ್ತರ. ಅದೇ ಹೊಲಕ್ಕೆ ತೆನೆ ಹೊರಟಾಗ ಮತ್ತೊಂದು ಚಿತ್ರ, ಕೊಯ್ಲಿನ ಮುನ್ನ ಇನ್ನೊಂದು ಚಿತ್ರ ಸೇರಿದರೆ ಹಸಿರು ಬರದ ವ್ಯಾಜ್ಯಕ್ಕೆ ದಿನಾಂಕವುಳ್ಳ ಸಾಕ್ಷಿ ದೊರೆಯುತ್ತದೆ. ಮರಗಳ ಕೆಲಸವನ್ನು ಶಾಲೆಗಳು ವಹಿಸಿಕೊಳ್ಳಬಹುದು. ಸೀಸನ್‌ವಾಚ್ ಎಂಬ ಯೋಜನೆ ದೇಶದಲ್ಲಿ ಈಗಾಗಲೇ ಈ ದಾರಿಯನ್ನು ತೋರಿಸಿದೆ. ಕೇರಳದ ಶಾಲಾಮಕ್ಕಳು ಅದರಲ್ಲಿ ವಿಶೇಷವಾಗಿ ಮುಂದಿದ್ದಾರೆ. ವಾರಕ್ಕೊಮ್ಮೆ ಒಂದೇ ಮರದ ಕೆಳಗೆ ನಿಂತು ಎಳೆ ಎಲೆ, ಬಲಿತ ಎಲೆ, ಹೂ, ಕಾಯಿ ಇವೆಯೇ, ಸ್ವಲ್ಪವೋ ಬಹಳವೋ ಎಂದು ಬರೆಯುವುದಷ್ಟೇ ಅದರ ವಿಧಾನ. ಮರ ಬದಲಾಗಬಾರದು, ವಾರ ತಪ್ಪಬಾರದು. ಏನೂ ಆಗದ ವಾರದಲ್ಲಿ ಏನೂ ಆಗಿಲ್ಲವೆಂದೇ ಬರೆಯಬೇಕು. ಮಕ್ಕಳಿಗೆ ಕಷ್ಟವಾಗುವುದು ಈ ಕೊನೆಯ ನಿಯಮವೇ. ಆದರೆ ಗೆರೆಯ ಸಮತಟ್ಟಾದ ಭಾಗ ಮೂಡುವುದು ಅದರಿಂದ.

ಕೆಂಪಾಪುರದ ಸುತ್ತಿನ ಒಂದು ಶಾಲೆಗೆ ಐದು ಮರಗಳು ಸಾಕು: ಒಂದು ಹೊಂಗೆ, ಒಂದು ಹುಣಸೆ, ಒಂದು ಮಾವು, ಒಂದು ಅರಳಿ, ಸಿಕ್ಕಿದರೆ ಒಂದು ಆಲೆ. ಮರಕ್ಕೆ ಸಂಖ್ಯೆ ಕೊಟ್ಟು, ಅದು ನಿಂತ ಜಾಗದ ಅಕ್ಷಾಂಶ ರೇಖಾಂಶಗಳನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಬೇಕು. ಉಪಗ್ರಹದ ಚೌಕದೊಡನೆ ಹೊಂದಿಸುವವರಿಗೆ ಬೇಕಾಗುವುದು ಅದು. ಬರೆಯಲು ಬುಧವಾರವಾದರೂ ಆಗಬಹುದು, ಶನಿವಾರವಾದರೂ ಆಗಬಹುದು. ಹೊತ್ತು ಬೆಳಗಿನ ಹತ್ತೂವರೆಯಾದರೆ ಒಳ್ಳೆಯದು.